ಅಂಚಿನಲ್ಲಿ ತಪ್ಪಿದ ಎಳೆ

ಹಳೇಬೀಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಮಾದಿಹಳ್ಳಿ ಸಿದ್ದಯ್ಯನ ಕಿವಿ ನೆಟ್ಟಗಾದದ್ದು 'ನೇಯ್ಗೆ ಶಾಲೆ' ಎಂಬ ಮಾತಿಗೆ. ಅರಸೀಕೆರೆಯ ಆ ಶಾಲೆಗೆ ಸೇರುತ್ತೇನೆಂದ ಸೊಸೆಯನ್ನು, "ಕೂಸನ್ನ ಯಾರು ನೋಡ್ಕೊತಾರೆ?" ಎಂದು ಬೆಳಿಗ್ಗೆ ತಾನೇ ಗದರಿ ಬಂದಿದ್ದ. ಪಕ್ಕದ ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಕೂತಿದ್ದರು.

"ನೀನು ಉಟ್ಟಿರೋ ಈ ಸೀರೆ ನಿನ್ನ ಮಗಳೇ ನೇಯ್ದಿದ್ದಾ, ಗಿರಿಯಕ್ಕ?"

"ಹೂಂ ಕಣೇ ಬೋರಿ. ಹದಿನೆಂಟು ಮೊಳ!"

"ಕೂಸನ್ನ ಏನು ಮಾಡ್ತಾಳೆ?"

"ಶಾಲೆ ಪಕ್ಕದ ಕೋಣೇಲೇ ಶಿಶುವಿಹಾರ ಮಾಡವ್ರೆ. ಅವ್ವಂದಿರು ಮಗ್ಗದ ಮುಂದೆ, ಮಕ್ಕಳು ಪಾಠದ ಮುಂದೆ. ನನ್ನ ಮೊಮ್ಮಗ ಬಣ್ಣದ ನೂಲು ಇಟ್ಕೊಂಡು ಇಪ್ಪತ್ತರ ಗಂಟ ಎಣಿಸ್ತಾನೆ."

"ಅವನು ಅತ್ರೆ ಇವಳು ಓಡಬೇಕಲ್ವಾ?"

"ಮೊದಮೊದಲು ಒಂದು ಕೂಸು ಅತ್ರೆ ಹನ್ನೆರಡು ಜನ ಅವ್ವಂದಿರೂ ಏಳೋರು. ಆಮೇಲೆ ಅವರವರೇ ಮಾತಾಡ್ಕೊಂಡ್ರು. ದಿನಕ್ಕೊಬ್ಬಳು ಮಕ್ಕಳ ಕೋಣೇಲಿ ಇರ್ತಾಳೆ. ಯಾರ ಕೂಸು ಅತ್ರೂ ಅವಳೇ ಎತ್ಕೊಳ್ಳೋದು. ಮಿಕ್ಕೋರು ಮಗ್ಗ ಬಿಟ್ಟು ಏಳಂಗಿಲ್ಲ."

"ಅಯ್ಯೋ, ಇಲ್ಲಿ ಅಂಚಲ್ಲಿ ಎಳೆ ತಪ್ಪೈತಲ್ಲಕ್ಕ!"

"ಹಂಗೆ ಮಾತಾಡ್ಕೊಳ್ಳೋಕೆ ಮುಂಚೆ ತಪ್ಪಿದ್ದು ಅದು. ಮೊಮ್ಮಗ ಅತ್ತ, ಮಗಳು ಓಡಿದ್ಲು. ಬಿಚ್ಚಿ ನೇಯ್ತೀನಿ ಅಂದ್ಲು, ನಾನೇ ಬ್ಯಾಡ ಅಂದೆ. ಮಿಕ್ಕ ಹದಿನೇಳು ಮೊಳದಲ್ಲಿ ಇನ್ನೊಂದು ತಪ್ಪು ಹುಡುಕು ನೋಡಾನ!"

ಅಷ್ಟರಲ್ಲಿ ಹೊಗೆ ಕಾರುತ್ತ, ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಬಸ್ಸು ಬಂತು. ಗಿರಿಯಮ್ಮ ಸೆರಗು ಕೊಡವಿಕೊಂಡು ಬೋರಮ್ಮನ ಹಿಂದೆಯೇ ಹತ್ತಿದಳು. ಅವಳ ಹಿಂದೆ ಹತ್ತುತ್ತ ಕಣ್ಣು ಕಿರಿದು ಮಾಡಿ ಆ ಸೀರೆಯ ಅಂಚಿನುದ್ದಕ್ಕೂ ಹುಡುಕಿದ ಸಿದ್ದಯ್ಯನಿಗೆ, ಮನೆಗೆ ಹೋಗಿ ಸೊಸೆಗೆ ಹೇಳಲು ಇನ್ನೊಂದು ತಪ್ಪೂ ಸಿಗಲಿಲ್ಲ.