ಉಬ್ಬಸದ ಪಂಪು

ವಲಸೆ ಬಂದವರನ್ನು ಕೂಡಿಹಾಕಿದ್ದ ಕೇಂದ್ರದಲ್ಲಿ ಗೆಳೆಯನನ್ನು ಕಾಣಲು ಬಂದ ಕ್ಷೌರಿಕ ಸರದಿಗಾಗಿ ಕಾಯುತ್ತಿದ್ದ. ಮುಂದಿನ ಬೆಂಚಿನಲ್ಲಿದ್ದ ಅತ್ತೆ ಸೊಸೆಯರ ಮಾತು ಬೇಡವೆಂದರೂ ಅವನ ಕಿವಿಗೆ ಬೀಳುತ್ತಿತ್ತು.

“ಉಬ್ಬಸದ ಪಂಪು ಅವನಿಗೆ ಇನ್ನೂ ಕೊಟ್ಟಿಲ್ವಂತಾ?”

“ಇಲ್ಲ ಅತ್ತೆ. ಒಳಗೆ ಕರ್ಕೊಂಡು ಹೋಗುವಾಗ ಕಾವಲಿನೋರು ಕಿತ್ಕೊಂಡಿದ್ದು, ಅವರ ಹತ್ರಾನೇ ಇದೆ. ನಿಮ್ಮ ಮಗ ಮಲಗೋಕಾಗದೆ ಕೂತೇ ಬೆಳಗು ಮಾಡ್ತಾರಂತೆ. ವಕೀಲಮ್ಮ ನೋಡಿ ಬಂದು ಹೇಳಿದ್ರು.”

“ಡಾಕ್ಟರು?”

“ಊರಿಗೆ ವಾಪಸ್ ಹೋಗೋಕೆ ಒಪ್ಕೊ, ಆಮೇಲೆ ಎಲ್ಲಾ ಸರಿಹೋಗುತ್ತೆ ಅಂತಾರಂತೆ.”

“ಅವನಣ್ಣನ್ನ ಕೊಂದೋರು ಅಲ್ಲೇ ಎದೆ ಸೆಟೆಸ್ಕೊಂಡು ಓಡಾಡ್ತಿದ್ದಾರೆ. ಒಬ್ಬ ಮಗನ್ನ ಮಣ್ಣು ಮಾಡಿದ್ದು ಸಾಲ್ದಾ?”

“ಅದಕ್ಕೇ ಅವರು ಒಪ್ಪಿಲ್ಲ. ನೀವೆಲ್ಲಿ ಒಪ್ಕೊ ಅಂತೀರೋ ಅಂತ ಹೆದರಿದ್ರಂತೆ.”

“ನಾನಾ? ಔಷಧ ಕೇಳೋದು ಭಿಕ್ಷೆ ಅಲ್ಲ ಕಣೇ.”

“ಹಕ್ಕು ಅಂತಾನೇ ವಕೀಲಮ್ಮನೂ ಅಂದ್ರು.”

“ಮತ್ತೆ ಬಾಯಿಗೆ ಬೀಗ ಯಾಕೆ? ಏಳು.”

ಇಬ್ಬರೂ ಕಿಟಕಿಯ ಬಳಿ ಹೋದರು. ಒಳಗಿನ ಗುಮಾಸ್ತ ತಲೆಯೆತ್ತಲಿಲ್ಲ.

“ಡಾಕ್ಟರಿಲ್ಲ. ನಾಳೆ ಬನ್ನಿ.”

“ನನ್ನ ಮಗ ಇವತ್ತೂ ಉಸಿರಾಡ್ಬೇಕಲ್ಲಪ್ಪಾ,” ಎಂದಳು ಮುದುಕಿ. “ಕರೆಸಿ. ಅಲ್ಲೀವರೆಗೂ ನಾವು ಇಲ್ಲೇ ಇರ್ತೀವಿ.”

ಕ್ಷೌರಿಕನೂ ಸೇರಿ ಸರದಿಗೆ ಕಾಯುತ್ತಿದ್ದವರು ಯಾರೂ ಗೊಣಗಲಿಲ್ಲ. ಗುಮಾಸ್ತ ಕೊನೆಗೆ ಫೋನು ಎತ್ತಿದ. ಎಷ್ಟೋ ಹೊತ್ತಿನ ಮೇಲೆ ಒಳಬಾಗಿಲು ತೆರೆದು ಯಾರೋ, ಡಾಕ್ಟರು ಬಂದಿದ್ದಾರೆ ಎಂದು ಅವರನ್ನು ಕರೆದರು. ಸೊಸೆಯ ಕೈ ಬಿಗಿಯಾಗಿ ಹಿಡಿದು ಮುದುಕಿಯೇ ಮೊದಲು ಹೊಸ್ತಿಲು ದಾಟಿದಳು.