ಪಲ್ಪರ್‌ಗೆ ಎಣ್ಣೆ

ಅತ್ತ ಏನು ನೋಡ್ತೀಯ, ಸರೋಜ? ಪಲ್ಪರ್ ಅದು. ಹಣ್ಣಿನ ಸಿಪ್ಪೆ ಸುಲಿದು ವರ್ಷಗಳಾದವು, ತುಕ್ಕು ಹಿಡಿದಿದೆ. ನಾನೀಗ ಕಾಫಿ ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲೇ ಒಣಗಿಸ್ತೇನೆ. ನೀನು ಬರೆದುಕೋ. ಆಶಾ ಕಾರ್ಯಕರ್ತೆಗೆ ಸರ್ಕಾರ ಪುಸ್ತಕ ಕೊಟ್ಟದ್ದು ಸತ್ತವರ ವಿವರ ಬರೆಯಲಿಕ್ಕೆ.

ಹೆಸರು ಪೂವಮ್ಮ. ನನ್ನ ಹೆಂಡತಿ. ಇದನ್ನೂ ಕೇಳಬೇಕಾ? ಶ್ವಾಸಕೋಶದ ಕ್ಯಾನ್ಸರ್. ಕೆಮ್ಮು ಶುರುವಾದದ್ದು... ಹುತ್ತರಿ ಹಬ್ಬ ಕಳೆದ ಮೇಲೆ. ಕೊರೊನಾದ ಮೊದಲ ವರ್ಷ. ಆಸ್ಪತ್ರೆ ತುಂಬ ಆ ರೋಗದವರೇ. ಕಣ್ಣೂರಿಗೆ ಹೋಗೋಣವೆಂದರೆ ಮಾಕುಟ್ಟದ ಗಡಿಯಲ್ಲಿ ತಡೆ. ತಡವಾಯಿತು. ಕೊರೊನಾದಿಂದ ತಡವಾಯಿತು ಅಂತ ಬರಿ.

ಯಾಕೆ, ಪೆನ್ನು ನಿಂತಿತಾ?

ಮೈಸೂರಿನ ಡಾಕ್ಟರ್ ಎಕ್ಸ್‌ರೇ ಫೋಟೋ ಹಿಡಿದು ನನ್ನ ಮುಖ ನೋಡಿದ. ನಾಲ್ಕು ತಿಂಗಳು ಮೊದಲು ತರಬೇಕಿತ್ತು ಅಂದ. ಆಸ್ಪತ್ರೆ ಖರ್ಚಿಗೆ ಆ ವರ್ಷದ ಕಾಫಿ ಹೋಯಿತು. ತೋಡಿನ ಬದಿಯ ಎರಡು ಎಕರೆ ಹೋಯಿತು. ಅವಳೂ ಹೋದಳು. ಇನ್ನೇನು ಬೇಕು ನಿನ್ನ ಪುಸ್ತಕಕ್ಕೆ?

ಮತ್ತೆ ಅತ್ತ ನೋಡ್ತೀಯಲ್ಲ.

ಹೌದು, ಆಗ ನೀನು ಮೂರು ಸಲ ಬಂದಿದ್ದೆ. ಗೇಟಿನ ಹೊರಗೆ ನಿಂತು, ಮನೆಯಲ್ಲಿ ಯಾರಿಗಾದರೂ ಕೆಮ್ಮು ಉಂಟಾ ಅಂತ ಕೂಗಿದೆ. ಪಲ್ಪರ್ ಓಡುತ್ತಿತ್ತು. ಎಣ್ಣೆ ಬಿಟ್ಟು ನೋಡ್ತಿದ್ದೇನೆ, ಕೆಮ್ಮು ಗಿಮ್ಮು ಇಲ್ಲ ಅಂದೆ. ಮೂರು ಸಲವೂ ಅದನ್ನೇ ಅಂದೆ.

ನಗು, ಬೇಕಾದರೆ. ಇಲ್ಲ, ನಗ್ತಿಲ್ಲ ನೀನು.

ಗೇಟಿಗೆ ನಿಮ್ಮ ಕ್ವಾರಂಟೈನ್ ಚೀಟಿ ಅಂಟಿಸಿದ್ದರೆ ತೋಟದ ಲೈನ್ ಮನೆಯಲ್ಲಿ ಒಬ್ಬ ಆಳು ನಿಲ್ತಿದ್ದನಾ? ಹಣ್ಣು ಕೊಯ್ಯುವವರು ಯಾರು? ಕೊಯ್ಲು ಮುಗಿಯಲಿ, ಆಮೇಲೆ ಹೋಗೋಣ ಅಂದೆ ಅವಳಿಗೆ. ಅವಳು ಎದುರಾಡಲಿಲ್ಲ. ಗೇಟಿನ ಸದ್ದಾದರೆ ತಾನೇ ಎದ್ದು ಹಿಂದಿನ ಕೋಣೆಗೆ ಹೋಗ್ತಿದ್ದಳು, ಬಾಯಿಗೆ ಸೆರಗು ಒತ್ತಿಕೊಂಡು. ನಾನು ಪಲ್ಪರ್‌ನ ಸ್ವಿಚ್ ಹಾಕ್ತಿದ್ದೆ.

ಅವಳು ಹೋದ ಮೇಲೆ ಒಂದೇ ಸಲ ಓಡಿಸಿದೆ ಅದನ್ನು. ನಿಲ್ಲಿಸಿದ ಕೂಡಲೇ ಹಿಂದಿನ ಕೋಣೆಯಲ್ಲಿ ಕೆಮ್ಮು. ಬಾಗಿಲು ತೆಗೆದು ನೋಡಿದೆ, ಯಾರೂ ಇಲ್ಲ. ಮತ್ತೆ ಓಡಿಸಲಿಲ್ಲ.

ಪುಸ್ತಕ ಮುಚ್ಚಬೇಡ, ಮಾರಾಯ್ತಿ.

...ನೀನು ಲೈನ್ ಮನೆಯಲ್ಲೇ ಹುಟ್ಟಿ ಬೆಳೆದವಳು. ಹಣ್ಣು ಬಿದ್ದ ಪಲ್ಪರ್‌ನ ಸದ್ದು ಬೇರೆ, ಖಾಲಿ ಪಲ್ಪರ್‌ನ ಸದ್ದು ಬೇರೆ. ಕೊಯ್ಲಿಗೆ ಇನ್ನೂ ತಿಂಗಳಿತ್ತು. ಕೆಮ್ಮು ಮುಚ್ಚಲಿಕ್ಕೆ ಓಡಿಸಿದ್ದು ಅಂತ ಅಂದೇ ಗೊತ್ತಿತ್ತು ನಿನಗೆ. ಅಲ್ವಾ?

ತಲೆ ತಗ್ಗಿಸಬೇಡ. ಸುಳ್ಳು ಹೇಳಿದವನು ನಾನು.

ಹುತ್ತರಿ ಅಂತ ಬರೆದದ್ದನ್ನು ಹೊಡೆದು ಹಾಕು. ಕೈಲ್ ಮುಹೂರ್ತ ಹಬ್ಬದ ದಿನವೇ ಕೆಮ್ಮುತ್ತಿದ್ದಳು. ಮೂರು ತಿಂಗಳು ಮೊದಲು. ತಡವಾದದ್ದು ಕೊರೊನಾದಿಂದ ಅನ್ನುವುದನ್ನೂ ಹೊಡೆದು ಹಾಕು.

ಅಲ್ಲಿ ನನ್ನ ಹೆಸರು ಬರಿ. ಧರ್ಮಪಾಲ.