ಯಜಮಾನನ ಸಂಬಳ

ಒಂದು ಪಟ್ಟಣದಲ್ಲಿ ಒಬ್ಬ ಸಾಹುಕಾರ. ಅಪ್ಪ ಕಟ್ಟಿದ ಊದುಬತ್ತಿ ಕಾರ್ಖಾನೆ, ಅರ್ಧ ಅವನದು, ಅರ್ಧ ತಂಗಿಯದು. ನಡೆಸುವವನು ಅವನು. ಅವನ ಸಂಬಳ ಗೊತ್ತುಮಾಡುವವರು ಯಾರು? ನೋಡಿ, ಅದೂ ಅವನೇ! ತಿಂಗಳಿಗೆ ಐದು ಲಕ್ಷ. ಗಂಡನನ್ನು ಕಳೆದುಕೊಂಡ ತಂಗಿ ಮಗಳ ಕಾಲೇಜು ಫೀಸಿಗೆ ಅಂತ ತನ್ನ ಪಾಲಿನ ಲಾಭ ಕೇಳಿದರೆ, "ಎಲ್ಲಿದೆಯಮ್ಮಾ ಲಾಭ? ಸಂಬಳ, ಖರ್ಚು ಕಳೆದು ಏನೂ ಉಳಿದಿಲ್ಲ" ಅನ್ನುವನು. ಸುಳ್ಳಲ್ಲ, ನಿಜವಾಗಿ ಉಳಿದಿರಲಿಲ್ಲ. ಯಾಕೆ ಉಳಿಯಲಿಲ್ಲ ಅಂತ ಮಾತ್ರ ತನ್ನನ್ನೇ ಕೇಳಿಕೊಂಡಿರಲಿಲ್ಲ. ಹಗಲಿರುಳು ದುಡಿಯುತ್ತೇನೆ, ನ್ಯಾಯವಾಗಿಯೇ ತಗೊಳ್ಳುತ್ತೇನೆ ಅಂತ ಮನಸಾರೆ ನಂಬಿದ್ದ.

ಹೀಗಿರುವಾಗ ಅವನಿಗೆ ಮಂಡಿ ಆಪರೇಷನ್ ಆಯಿತು. ಕೆಲವು ತಿಂಗಳು ಕಾರ್ಖಾನೆ ಕಡೆ ತಲೆ ಹಾಕಬೇಡಿ ಅಂದರು ಡಾಕ್ಟರು. ಮ್ಯಾನೇಜರ್ ಬೇಕಲ್ಲ? ಬಂದ ಒಬ್ಬ ಅನುಭವಸ್ಥ. "ಒಂದೂವರೆ ಲಕ್ಷ ಕೊಡಿ ಸಾರ್" ಅಂದ.

ಸಾಹುಕಾರ ಮಂಚದ ಮೇಲೆ ನೆಟ್ಟಗೆ ಎದ್ದು ಕೂತ. "ಏನ್ರೀ, ಅಲ್ಲೇನು ಬೆಟ್ಟ ಕಡಿಯೋದಿದೆಯಾ? ಮಾಲು ತರಿಸೋದು, ಆರ್ಡರು ನೋಡೋದು, ಕೆಲಸದವರ ಮೇಲೆ ಒಂದು ಕಣ್ಣಿಡೋದು. ಲಕ್ಷದ ಮೇಲೆ ಯಾರೂ ಕೊಡಲ್ಲ." ಎಳೆದಾಡಿ ಲಕ್ಷಕ್ಕೇ ಒಪ್ಪಿಸಿ ಮೀಸೆ ತಿರುವಿದ.

ಅಣ್ಣನಿಗೆ ಅಂತ ಅಲ್ಲೇ ಹಣ್ಣು ಹೆಚ್ಚುತ್ತಿದ್ದ ತಂಗಿ, ಬಂದವನು ಹೋದ ಮೇಲೆ ಮೆಲ್ಲಗೆ ಕೇಳಿದಳು. "ಅಣ್ಣಾ, ನೀನೂ ಮಾಡ್ತಿದ್ದದ್ದು ಅದೇ ಕೆಲಸ ತಾನೇ?"

"ನಾನು ಯಜಮಾನ ಕಣಮ್ಮಾ. ಬ್ಯಾಂಕ್ ಸಾಲಕ್ಕೆ ಸಹಿ ನಂದು, ತಲೆನೋವು ನಂದು."

"ಅದಕ್ಕೆ ಇನ್ನೊಂದು ಲಕ್ಷ ಸೇರಿಸ್ಕೋ, ಬೇಡ ಅಂದೆನಾ? ಮಿಕ್ಕ ಮೂರು ಯಾವ ಕೆಲಸಕ್ಕೆ?"

ಆ ಕೆಲಸಕ್ಕೆ ಬೆಲೆ ಕಟ್ಟಿದ್ದು ತಂಗಿಯಲ್ಲ, ಆಡಿಟರ್ ಅಲ್ಲ. ಅವನದೇ ನಾಲಿಗೆ! ನಾಚಿಕೆಯಿಂದ ತಲೆ ತಗ್ಗಿಸಿದ. "ಮಗೂಗೆ ಫೀಸು ಎಷ್ಟಮ್ಮಾ? ಇವತ್ತೇ ಕೊಡ್ತೀನಿ."

"ಅವಳನ್ನ ಹೋದ ವರ್ಷವೇ ಕಾಲೇಜು ಬಿಡಿಸಿದೆ, ಅಣ್ಣಾ."

ಕೇಳಿದಿರಾ? ಈಗ ಎಲ್ಲರೂ ಆ ಸಾಹುಕಾರನನ್ನು ಮನಸ್ಸಿನಲ್ಲೇ ಬೈಯುತ್ತಿದ್ದೀರಿ, ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತೆ. ಬೈಯಬೇಡಿ ಸ್ವಾಮಿ! ಅಂಗಡಿ ಅಣ್ಣತಮ್ಮಂದಿರದು, ಗಲ್ಲಾದಲ್ಲಿ ಕೂರುವವರು ನೀವು. ಸಂಘ ಹತ್ತು ಜನರದು, ಓಡಾಟದ ಖರ್ಚು ಬರೆದುಕೊಳ್ಳುವವರು ನೀವು. ದುಡಿದದ್ದಕ್ಕೆ ತಗೊಳ್ಳಿ, ಧಾರಾಳವಾಗಿ ತಗೊಳ್ಳಿ, ಅದು ಪಾಪವಲ್ಲ. ಆದರೆ ಕೈ ಹಾಕುವ ಮುಂಚೆ ಕೇಳಿಕೊಳ್ಳಿ, ಇದೇ ಕೆಲಸಕ್ಕೆ ಹೊರಗಿನವನು ಬಂದಿದ್ದರೆ ಎಷ್ಟು ಕೊಡುತ್ತಿದ್ದೆ ಅಂತ. ಅದಕ್ಕಿಂತ ಹೆಚ್ಚು ಬೇಕೋ, ಪಾಲುದಾರರನ್ನು ಎದುರಿಗೆ ಕೂರಿಸಿಕೊಂಡು, ಬಾಯಿಬಿಟ್ಟು ಕೇಳಿ. ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲು ಮಾಡಿ ಈ ಕೆಲಸ. ಅವರಾಗಿ ಕೇಳಲಿ ಅಂತ ಕಾಯಬೇಡಿ. ಕೇಳಿ ಕೇಳಿ ಸುಮ್ಮನಾದವರು ನಿಮ್ಮ ಮನೆಯಲ್ಲೂ ಇದ್ದಾರೆ.